ಲಿಪ್‌ಸ್ಟಿಕ್ ಡಬ್ಬಿಯ ಮೇಲಿನ 75470

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ಬೇಸಿನ್, ಜೊತೆಗೆ ಕೆಲಸಕ್ಕೆ ಒಬ್ಬ ಹುಡುಗಿ. ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಜೈನ ಮನೆತನದ ಮದುವೆಗೆ ಮೇಕಪ್ ಮಾಡಲು ಹೋಗಿದ್ದೆ. ಇನ್ನೇನು ಮದುಮಗಳ ತುಟಿಗೆ ಬಣ್ಣ ಹಚ್ಚಬೇಕು, ಅಜ್ಜಿ ಬಂದು ಕೈ ಹಿಡಿದರು.

"ಯವ್ವಾ, ಇದರಾಗ ಹುಳದ ಬಣ್ಣ ಇರ್ತೈತಂತ. ಖರೇನ?"

"ಇಲ್ರೀ ಅಜ್ಜಿ" ಅಂದುಬಿಟ್ಟೆ. ಗೊತ್ತಿದ್ದು ಹೇಳಿದ ಮಾತಲ್ಲ ಅದು. ಅಕ್ಷತೆಗೆ ತಡವಾಗುತ್ತಿತ್ತು.

ರಾತ್ರಿ ಮನೆಗೆ ಬಂದು ಆ ಲಿಪ್‌ಸ್ಟಿಕ್ ಡಬ್ಬಿಯ ಸಣ್ಣ ಅಕ್ಷರದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಕೊನೆಯ ಸಾಲಿನಲ್ಲಿ ಸಿಐ 75470 ಅಂತ ಇತ್ತು, ಬಣ್ಣಗಳಿಗೆ ಕೊಡುವ ಸಂಕೇತ ಸಂಖ್ಯೆ ಅದು. ಹುಡುಕಿದರೆ ಅದೇ ಕಾರ್ಮೈನ್. ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಅನ್ನುವ ಹುಳಗಳನ್ನು ಒಣಗಿಸಿ, ಅರೆದು ತೆಗೆಯುವ ಕೆಂಪು. ಅಜ್ಜಿ ಹೇಳಿದ್ದು ಖರೆ, ನಾನು ಹೇಳಿದ್ದು ಸುಳ್ಳು. ಅವತ್ತು ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಡ್ರಾಯರ್‌ನಲ್ಲಿ ಇದ್ದುದನ್ನೆಲ್ಲ ಸುರಿದುಕೊಂಡು ಕುಳಿತೆ. ಲಿಪ್ ಬಾಮ್‌ನಲ್ಲಿ ಜೇನುಮೇಣ. ಕ್ರೀಮಿನಲ್ಲಿ ಲ್ಯಾನೊಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು. ಹಳೇ ನೇಲ್ ಪಾಲಿಶ್ ಒಂದರಲ್ಲಿ 75170, ಮೀನಿನ ಹುರುಪೆಯಿಂದ ಬರುವ ಹೊಳಪು. ಕೈ ತೊಳೆಯುವ ಸೋಪಿನ ಮೇಲೆ ಸೋಡಿಯಂ ಟ್ಯಾಲೋವೇಟ್. ಅದು ಪ್ರಾಣಿ ಕೊಬ್ಬು. ಕೂದಲಿಗೆ ಹಾಕುವ ಕೆರಾಟಿನ್ ಸಾಮಾನ್ಯವಾಗಿ ಬರುವುದು ಉಣ್ಣೆ, ಪುಕ್ಕ, ಕೊಂಬು, ಗೊರಸುಗಳಿಂದ.

ಬ್ರಷ್‌ಗಳ ಮೇಲೆ ಏನೂ ಬರೆದಿರಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡೆ. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯುವುದು. ಕೂದಲು ಸುಟ್ಟ ವಾಸನೆ ಬಂದು, ತಿಕ್ಕಿದರೆ ಪುಡಿಯಾದರೆ ಅದು ಪ್ರಾಣಿಯದು. ಕರಗಿ ಗಟ್ಟಿ ಗುಂಡು ಆದರೆ ನೈಲಾನ್. ಹನ್ನೊಂದರಲ್ಲಿ ನಾಲ್ಕು ಕೂದಲಿನವು. ಅವನ್ನು ಎಸೆಯಲಿಲ್ಲ. ಮೇಕೆ ಎಂದೋ ಹೋಗಿಯಾಗಿದೆ, ಎಸೆದರೆ ಯಾರಿಗೆ ಲಾಭ? ಸವೆದ ಮೇಲೆ ನೈಲಾನಿನವನ್ನೇ ತಂದೆ. ತೊಳೆದರೆ ಬೇಗ ಒಣಗುತ್ತವೆ.

ದುರ್ಗದಬೈಲಿನಲ್ಲಿ ನಾನು ಸಾಮಾನು ತರುವ ಅಂಗಡಿಯವರು "ಇದರ ಮ್ಯಾಲ ಹಸಿರು ಚುಕ್ಕಿ ಐತಲ್ರೀ ಅಕ್ಕಾರ, ಮತ್ತೇನು ಬೇಕು?" ಅಂದರು. ನನಗೂ ಅಷ್ಟೇ ಸಾಕು ಅನ್ನಿಸಿತ್ತು. ಆದರೆ ಚುಕ್ಕಿ ಹೇಳುವುದು ಒಳಗೆ ಏನಿದೆ ಅನ್ನುವುದನ್ನು ಮಾತ್ರ. ಅದನ್ನು ಮೊಲದ ಕಣ್ಣಿಗೆ ಹಾಕಿ ನೋಡಿದ್ದಾರಾ ಇಲ್ಲವಾ ಅನ್ನುವುದನ್ನು ಚುಕ್ಕಿ ಹೇಳುವುದಿಲ್ಲ. ಕೆಲವು ಡಬ್ಬಿಗಳ ಮೇಲೆ ಇರುವ ಮೊಲದ ಗುರುತಿನ ಕಥೆ ಇದಕ್ಕೆ ತಿರುಗಾಮುರುಗಾ. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ ಅನ್ನುತ್ತದೆ, ಆದರೆ ಒಳಗೆ ಜೇನುಮೇಣ, ಕಾರ್ಮೈನ್ ಇರಬಹುದು. ಅಜ್ಜಿಗೆ ಬೇಕಿದ್ದು ಮೊದಲನೆಯದು. ನನಗೆ ಈಗ ಎರಡೂ ಬೇಕಾಗಿತ್ತು.

ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲೇ ನಿಷೇಧಿಸಿದ್ದಾರೆ. ಹಾಗೆ ಪರೀಕ್ಷಿಸಿದ್ದನ್ನು ಹೊರಗಿನಿಂದ ತರುವುದಕ್ಕೂ ಅದೇ ವರ್ಷದ ನವೆಂಬರಿನಿಂದ ತಡೆ ಇದೆ. ಹಾಗಾದರೆ ಚಿಂತೆ ಯಾಕೆ ಅಂತೀರಾ? ಕಂಪನಿ ಒಂದೇ ಇರುತ್ತದೆ, ಮಾರುವ ದೇಶ ಹತ್ತು. ಚೀನಾದಲ್ಲಿ 2021ರವರೆಗೆ ಹೊರಗಿನಿಂದ ಬಂದ ಸಾಮಾನ್ಯ ಶಾಂಪೂ, ಲಿಪ್‌ಸ್ಟಿಕ್‌ಗೂ ಪ್ರಾಣಿ ಪರೀಕ್ಷೆ ಬೇಕಿತ್ತು. ಆಮೇಲೆ ಷರತ್ತು ಹಾಕಿ ಸಡಿಲ ಮಾಡಿದರು.

ಅದಕ್ಕೇ ಕಂಪನಿಗಳಿಗೆ ಇಮೇಲ್ ಬರೆಯತೊಡಗಿದೆ. ಮಗಳು ಇಂಗ್ಲಿಷ್ ತಿದ್ದಿಕೊಟ್ಟಳು. ಕೇಳಿದ್ದು ಮೂರೇ ಮಾತು. ತಯಾರಾದ ಮಾಲನ್ನು ಪರೀಕ್ಷಿಸುತ್ತೀರಾ? ನಿಮಗೆ ಕಚ್ಚಾ ಸಾಮಾನು ಕೊಡುವವರು ಪರೀಕ್ಷಿಸುತ್ತಾರಾ? ಪರೀಕ್ಷೆ ಕಡ್ಡಾಯ ಇರುವ ಕಡೆ ಮಾರುತ್ತೀರಾ? ಒಂದು ದೊಡ್ಡ ಕಂಪನಿಯಿಂದ ಒಂದು ಪುಟ ಸಿಹಿ ಮಾತು ಬಂತು. ನಾವು ಪ್ರಾಣಿಗಳನ್ನು ಪ್ರೀತಿಸುತ್ತೇವೆ, ಹಾಗೆ, ಹೀಗೆ. ಕೊನೆಯಲ್ಲಿ ಮಾತ್ರ "ಕಾನೂನು ಕೇಳಿದ ಕಡೆ ಹೊರತುಪಡಿಸಿ" ಅಂತ ಒಂದು ತುಂಡು. ಅಷ್ಟುದ್ದ ಪತ್ರದಲ್ಲಿ ಓದಬೇಕಾದ್ದು ಅದೊಂದೇ.

ಮೊಲದ ಚಿತ್ರದಲ್ಲೂ ಮೋಸ ಹೋಗಿದ್ದೇನೆ. ಚೆಂದದ ಮೊಲ ನೋಡಿ ಒಂದು ಡಜನ್ ಫೇಸ್‌ವಾಶ್ ತಂದೆ. ಆಮೇಲೆ ನೋಡಿದರೆ ಅದು ಯಾರೂ ಕೊಟ್ಟ ಗುರುತಲ್ಲ, ಅವರೇ ಬರೆಸಿಕೊಂಡ ಚಿತ್ರ. ಈಗ ಚಿತ್ರ ನೋಡುವುದಿಲ್ಲ, ಪ್ರಾಣಿ ಪರೀಕ್ಷೆ ಮಾಡದ ಕಂಪನಿಗಳಿಗೆ ಗುರುತು ಕೊಡುವ ಲೀಪಿಂಗ್ ಬನ್ನಿ ಮತ್ತು ಪ್ರಾಣಿ ದಯಾ ಸಂಸ್ಥೆ ಪೇಟಾ, ಈ ಎರಡರ ಪಟ್ಟಿಗಳಲ್ಲಿ ಹೆಸರು ಹುಡುಕುತ್ತೇನೆ. ಪೇಟಾ ಕಂಪನಿಯಿಂದ ಲಿಖಿತ ಭರವಸೆ ತೆಗೆದುಕೊಳ್ಳುತ್ತದೆ. ಲೀಪಿಂಗ್ ಬನ್ನಿಯವರು ಕಚ್ಚಾ ಸಾಮಾನು ಕೊಡುವವರ ತನಕ ಲೆಕ್ಕ ಕೇಳಿ, ತಪಾಸಣೆಯನ್ನೂ ಮಾಡಿಸುತ್ತಾರೆ. ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ. ಆದರೆ ಆ ಗುರುತು ಇರುವ ಮಾಲು ನಮ್ಮ ಪೇಟೆಯಲ್ಲಿ ಸಿಗುವುದು ಕಡಿಮೆ. ಹಾಗಾಗಿ ಪ್ಲಮ್‌ನಂಥ ಪೇಟಾ ಪಟ್ಟಿಯ ದೇಸಿ ಬ್ರ್ಯಾಂಡ್‌ಗಳೇ ನನ್ನ ಕಪಾಟಿನಲ್ಲಿ ಹೆಚ್ಚು.

ಶಾಂಪೂ ಖರ್ಚು ಏರಿತು. ಆಗ ಅವ್ವನ ಸೀಗೆಕಾಯಿ ನೆನಪಾಯಿತು. ಗ್ರಂಥಿಗೆ ಅಂಗಡಿಯಿಂದ ಒಂದು ಕಿಲೋ ಸೀಗೆಕಾಯಿ, ಕಾಲು ಕಾಲು ಕಿಲೋ ಅಂಟುವಾಳ, ಮೆಂತ್ಯ, ಹೆಸರುಕಾಳು ತಂದು ಮೂರು ದಿನ ಮಾಳಿಗೆ ಮೇಲೆ ಒಣಗಿಸಿದೆ. ಹಿಟ್ಟಿನ ಗಿರಣಿಯವರು ಸೀಗೆಕಾಯಿ ಅಂದ ಕೂಡಲೇ ಕೈ ಮುಗಿದರು. ಸೀನು ಬರುತ್ತದೆ, ಮುಂದಿನವರ ಹಿಟ್ಟು ಕಹಿ ಆಗುತ್ತದೆ. ಖಾರ ಕುಟ್ಟುವ ಗಿರಣಿಗೆ ಹೋದೆ. ಅಲ್ಲಿ ನನಗಿಂತ ಮೊದಲು ಯಾರದೋ ಬ್ಯಾಡಗಿ ಮೆಣಸಿನಕಾಯಿ ಆಗಿತ್ತು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ನೆತ್ತಿಗೆ ಹಚ್ಚಿಕೊಂಡು ನೋಡಬೇಕು ಒಮ್ಮೆ! ಪುಣ್ಯಕ್ಕೆ ಮೊದಲು ಹಚ್ಚಿಕೊಂಡಿದ್ದು ನನ್ನ ತಲೆಗೇ. ಈಗ ಮೊದಲು ಎರಡು ಹಿಡಿ ಬೀಸಿಸಿ ಚೆಲ್ಲುತ್ತೇನೆ, ಆಮೇಲೆ ಉಳಿದದ್ದು. ನೊರೆ ಕಡಿಮೆ ಅಂತ ಕಾಲೇಜು ಹುಡುಗಿಯರು ಮೂಗು ಮುರಿಯುತ್ತಾರೆ. ನಡುವಯಸ್ಸಿನವರು ಮಾತ್ರ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ.

ಆ ಅಜ್ಜಿಗೆ ಒಂದು ವಾರ ಬಿಟ್ಟು ಫೋನ್ ಮಾಡಿದ್ದೆ. "ಅಜ್ಜಿ, ಅವತ್ತು ನಾ ತಪ್ಪು ಹೇಳಿದ್ನಿರೀ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆತು ಬಿಡವ್ವ, ಇನ್ನ ಮುಂದ ನೋಡಿ ಹೇಳು" ಅಂದರು. ಈ ಕಥೆ ಕೇಳಿದ ನನ್ನ ವೈನಿ ನಕ್ಕುಬಿಟ್ಟಳು. "ಮದುಮಗಳು ಉಟ್ಟಿದ್ದು ರೇಷ್ಮಿ ಸೀರಿ ಅಲ್ಲೇನ?" ಅಂದಳು. ಗೂಡಿನಲ್ಲಿದ್ದ ಹುಳ ನೆನೆದು ನಾನೂ ಸುಮ್ಮನಾದೆ. ಅದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರ ಇಲ್ಲ.

ಹೇರ್ ಕಲರ್ ವಿಷಯದಲ್ಲಿ ಈಗಲೂ ಒದ್ದಾಟವೇ. ಡೀಲರ್ ಕೊಡುವ ಎರಡು ಕಂಪನಿಗಳಲ್ಲಿ ಒಂದು ಹಾರಿಕೆಯ ಉತ್ತರ ಕೊಟ್ಟಿತು, ಇನ್ನೊಂದು ಕೊಡಲೇ ಇಲ್ಲ. ಗೋರಂಟಿ ಒಪ್ಪುವವರಿಗೆ ಗೋರಂಟಿ ಹಚ್ಚುತ್ತೇನೆ. ಕಪ್ಪೇ ಬೇಕು ಅನ್ನುವವರಿಗೆ "ಇದರ ಬಗ್ಗೆ ನನಗ ಖಾತ್ರಿ ಇಲ್ರೀ" ಅಂತ ಹೇಳಿಯೇ ಡಬ್ಬಿ ಒಡೆಯುತ್ತೇನೆ. ಇಲ್ಲಿವರೆಗೆ ಇಬ್ಬರು ಎದ್ದು ಹೋಗಿದ್ದಾರೆ. ಉಳಿದವರು "ಹಚ್ಚರೀ, ನಾಳೆ ಫಂಕ್ಷನ್ ಐತಿ" ಅನ್ನುತ್ತಾರೆ.