ಲಾರ್ಡ್ಸ್ ಗೋಡೆ ಮೇಲೆ ಭದ್ರಾವತಿ ಹುಡುಗನ ಹೆಸರು: ನೋಡಿಬರುವುದು ಹೇಗೆ?

ಭದ್ರಾವತಿಯಲ್ಲಿ ಹುಟ್ಟಿದವರೊಬ್ಬರ ಹೆಸರು ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಗೋಡೆ ಮೇಲಿದೆ. ಜಿ.ಆರ್. ವಿಶ್ವನಾಥ್, 113 ರನ್, 1979. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಮಗನನ್ನೋ ಮಗಳನ್ನೋ ನೋಡಲು ಇಂಗ್ಲೆಂಡಿಗೆ ಹೋಗುವವರು ಈಗ ಕಡಿಮೆ ಇಲ್ಲ. ಗಡಿಯಾರದ ಗೋಪುರ, ಅರಮನೆ, ದೊಡ್ಡ ಚಕ್ರ ಎಲ್ಲ ಮೊದಲ ವಾರವೇ ಮುಗಿದಿರುತ್ತದೆ. ಆಮೇಲೆ ಕಿಟಕಿ ಪಕ್ಕ ಕೂತು ತೋಟದ ಚಿಂತೆ. ಅಂಥವರು ಒಂದು ದಿನ ಲಾರ್ಡ್ಸ್‌ಗೆ ಹೋಗಿಬನ್ನಿ.

ಮೊದಲು ಟಿಕೆಟ್

ಪಂದ್ಯ ಇಲ್ಲದ ದಿನವೂ ಮೈದಾನ ನೋಡಬಹುದು. ಗೈಡ್ ಜೊತೆ ಗುಂಪಾಗಿ ಸುತ್ತಿಸುತ್ತಾರೆ, ಒಂದೂವರೆ ಗಂಟೆ ಹಿಡಿಯುತ್ತದೆ. ಟಿಕೆಟನ್ನು ಲಾರ್ಡ್ಸ್‌ನ ವೆಬ್‌ಸೈಟ್‌ನಲ್ಲೇ ಮುಂಚಿತವಾಗಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಪಂದ್ಯಗಳು ಜಾಸ್ತಿ, ದೊಡ್ಡ ಪಂದ್ಯದ ದಿನ ಈ ಸುತ್ತಾಟ ಇರುವುದಿಲ್ಲ. ನಾನು ಮೊದಲ ಸಲ ಇದ್ಯಾವುದನ್ನೂ ನೋಡದೆ, ಜೋಗಕ್ಕೆ ಹೊರಟ ಹಾಗೆ ಸೀದಾ ಹೊರಟೆ. ಅವತ್ತೇ ಪಂದ್ಯ. ಗೇಟಿನ ಮುಂದೆ ಒಂದು ಫೋಟೊ ಹೊಡೆದುಕೊಂಡು ವಾಪಸ್. ತಪ್ಪು ನನ್ನದೇ, ಆದರೆ ಮನೆಯವಳು ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ದಾರಿ

ಸುರಂಗ ರೈಲಿನ ಜೂಬಿಲಿ ಲೈನ್ ಹಿಡಿಯಿರಿ. ನಕ್ಷೆಯಲ್ಲಿ ಅದು ಬೂದು ಬಣ್ಣದ ಗೆರೆ. ಬೇಕರ್ ಸ್ಟ್ರೀಟ್ ಆದ ಮೇಲೆ ಮುಂದಿನ ನಿಲ್ದಾಣವೇ ಸೇಂಟ್ ಜಾನ್ಸ್ ವುಡ್. ಅಲ್ಲಿಂದ ನಡೆದರೆ ಹತ್ತು ನಿಮಿಷ. ಹೆಸರಿನ ಕೊನೆಯ ‘ವುಡ್’ ಮರೆಯಬೇಡಿ. ಬರೀ ‘ಸೇಂಟ್ ಜಾನ್ಸ್’ ಎಂಬ ಇನ್ನೊಂದು ಸ್ಟೇಷನ್ ಊರಿನ ಆಚೆ ದಿಕ್ಕಿನಲ್ಲಿದೆ. ಒಳಗೆ ಹತ್ತುವ ಇಳಿಯುವ ಮೆಟ್ಟಿಲು ಸಾಕಷ್ಟಿವೆ. ಮಂಡಿ ನೋವಿದ್ದವರು ಬುಕ್ ಮಾಡುವಾಗಲೇ ತಿಳಿಸಿ. ಜೊತೆಗೊಂದು ಛತ್ರಿ ಇರಲಿ. ಆಗುಂಬೆ ಮಳೆ ಕಂಡವರಿಗೆ ಅಲ್ಲಿಯದು ಮಳೆಯೇ ಅಲ್ಲ, ಸುಮ್ನೆ ತುಂತುರು. ಆದರೆ ಚಳಿ ಗಾಳಿ ಜೊತೆಗಿರುತ್ತದೆ.

ಒಳಗೆ ಏನು ನೋಡಬೇಕು

ಲಾರ್ಡ್ಸ್ ಅಂದರೆ ದೊರೆಗಳ ಮೈದಾನ ಅಂತ ನಾನು ತುಂಬಾ ವರ್ಷ ನಂಬಿದ್ದೆ. ಹಾಗೇನಿಲ್ಲ. ಥಾಮಸ್ ಲಾರ್ಡ್ ಎಂಬಾತ ಮಾಡಿದ ಮೈದಾನ ಅದು. 1787ರಲ್ಲಿ ಮೊದಲನೆಯದನ್ನು ಶುರು ಮಾಡಿ, ಎರಡು ಸಲ ಜಾಗ ಬದಲಿಸಿ, 1814ರಲ್ಲಿ ಈಗಿನ ಜಾಗಕ್ಕೆ ಬಂದ.

ಮ್ಯೂಸಿಯಂನಲ್ಲಿ ಎರಡು ವಸ್ತು ತಪ್ಪಿಸಬೇಡಿ. ಒಂದು, ಸತ್ತ ಗುಬ್ಬಚ್ಚಿ. 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡು ತಗುಲಿ ಸತ್ತಿದ್ದು. ಹಕ್ಕಿಯನ್ನೂ ಚೆಂಡನ್ನೂ ಒಟ್ಟಿಗೇ ಜೋಪಾನ ಮಾಡಿದ್ದಾರೆ. ಈ ಜಹಾಂಗೀರ್ 1932ರಲ್ಲಿ ಇದೇ ಮೈದಾನದಲ್ಲಿ ಭಾರತದ ಮೊಟ್ಟಮೊದಲ ಟೆಸ್ಟ್ ಆಡಿದವರು. ಇನ್ನೊಂದು, ಆ್ಯಶಸ್ ಕುಡಿಕೆ. ಇಂಗ್ಲೆಂಡ್, ಆಸ್ಟ್ರೇಲಿಯಾ ಇದರ ಹೆಸರಲ್ಲಿ ನೂರು ವರ್ಷಕ್ಕೂ ಮೀರಿ ಕಾದಾಡುತ್ತಿವೆ. ಎತ್ತರ ಒಂದು ಗೇಣೂ ಇಲ್ಲ, ಸುಮಾರು 11 ಸೆಂಟಿಮೀಟರ್. ಕ್ರಿಕೆಟ್ ಅಂದರೆ ಮೂಗು ಮುರಿಯುವ ನನ್ನ ಹೆಂಡತಿ ಗಾಜಿಗೆ ಮುಖ ಒತ್ತಿ ನೋಡಿ, ‘ಇಷ್ಟಕ್ಕಾ ಇವ್ರು ಬಡಿದಾಡೋದು? ನಮ್ಮನೆ ಕುಂಕುಮದ ಭರಣಿನೇ ಇದಕ್ಕಿಂತ ದೊಡ್ದಿದೆ’ ಅಂದಳು.

ಆಮೇಲೆ ಪೆವಿಲಿಯನ್, 1890ರ ಕಟ್ಟಡ. ಅದರೊಳಗೆ ಲಾಂಗ್ ರೂಮ್ ಎಂಬ ಉದ್ದನೆ ಹಜಾರ. ಬ್ಯಾಟ್ಸ್‌ಮನ್‌ಗಳು ಮಹಡಿಯ ಡ್ರೆಸ್ಸಿಂಗ್ ರೂಮಿನಿಂದ ಇಳಿದು ಇದರ ಮೂಲಕವೇ ಮೈದಾನಕ್ಕೆ ಹೋಗಬೇಕು. 1975ರಲ್ಲಿ ಡೇವಿಡ್ ಸ್ಟೀಲ್ ಎಂಬ ಇಂಗ್ಲೆಂಡ್ ಆಟಗಾರ ತನ್ನ ಮೊದಲ ಟೆಸ್ಟಿನಲ್ಲೇ ಒಂದು ಮಹಡಿ ಜಾಸ್ತಿ ಇಳಿದು, ಬ್ಯಾಟು ಪ್ಯಾಡಿನ ಸಮೇತ ಶೌಚಾಲಯದ ಹತ್ತಿರ ಹೋಗಿ ನಿಂತಿದ್ದರಂತೆ.

ಬೋರ್ಡಿನ ಮುಂದೆ ನಿಂತುಕೊಳ್ಳಿ

ನನ್ನ ಮಟ್ಟಿಗೆ ಟಿಕೆಟ್ ದುಡ್ಡು ಇಲ್ಲಿಯೇ ವಸೂಲಾಯಿತು. ಗೈಡ್ ಬೇಗ ಬೇಗ ಮುಂದೆ ಹೋಗಬಹುದು, ನೀವು ಒಂದು ನಿಮಿಷ ಕೇಳಿಕೊಂಡು ನಿಲ್ಲಿ. ಭಾರತ ತಂಡ ಇಳಿದುಕೊಳ್ಳುವ ಡ್ರೆಸ್ಸಿಂಗ್ ರೂಮಿನಲ್ಲಿ, ಟೆಸ್ಟಿನಲ್ಲಿ ನೂರು ಹೊಡೆದವರ, ಒಂದೇ ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತವರ ಹೆಸರು ಬರೆದ ಬೋರ್ಡುಗಳಿವೆ. ಸಚಿನ್ ಹೆಸರು ಹುಡುಕಬೇಡಿ, ಇಲ್ಲ. ಗಾವಸ್ಕರ್ ಟೆಸ್ಟ್ ಶತಕವೂ ಇಲ್ಲಿಲ್ಲ. ನಮ್ಮ ಕರ್ನಾಟಕದವರು ಇದ್ದಾರೆ!

1979ರ ಆ ಟೆಸ್ಟಿನಲ್ಲಿ ಭಾರತ ಮೊದಲ ಇನಿಂಗ್ಸಿನಲ್ಲಿ 96ಕ್ಕೆ ಆಲೌಟ್. ಸೋಲು ಖಚಿತ ಅನ್ನುವಾಗ ವಿಶ್ವನಾಥ್, ವೆಂಗ್‌ಸರ್ಕಾರ್ ಇಬ್ಬರೂ ನೂರು ಹೊಡೆದು ಡ್ರಾ ಮಾಡಿಸಿದರು. 1996ರಲ್ಲಿ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ತೆಗೆದರು. ಅದೇ ಪಂದ್ಯದಲ್ಲಿ ಮೊದಲ ಟೆಸ್ಟ್ ಆಡಿದ ದ್ರಾವಿಡ್ 95ಕ್ಕೆ ಔಟಾದರು. ಐದು ರನ್ ಸಾಲದೆ ಬೋರ್ಡ್ ತಪ್ಪಿತು. ಹದಿನೈದು ವರ್ಷ ಬಿಟ್ಟು, 2011ರಲ್ಲಿ, 103 ಹೊಡೆದು ಔಟಾಗದೆ ಉಳಿದು ಆ ಬಾಕಿ ತೀರಿಸಿಕೊಂಡರು. ಕೆ.ಎಲ್. ರಾಹುಲ್ ಎರಡು ಸಲ: 2021ರಲ್ಲಿ 129, 2025ರಲ್ಲಿ 100.

ಹೊರಗಿನ ಬಾಲ್ಕನಿಗೆ ಬಿಟ್ಟರೆ ಹೋಗಿ. 2002ರಲ್ಲಿ ಗಂಗೂಲಿ ಶರ್ಟ್ ಬಿಚ್ಚಿ ಬೀಸಿದ್ದು ಅಲ್ಲೇ. ನನಗಂತೂ ನೆನಪಾದದ್ದು ಭಾರತ ಇಲ್ಲೇ ವಿಶ್ವಕಪ್ ಗೆದ್ದ 1983ರ ಜೂನ್ 25, ನಮ್ಮ ರೋಜರ್ ಬಿನ್ನಿ. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದವರು ಅವರೇ ಅಲ್ವಾ.

ಇಳಿಜಾರು ಗಮನಿಸಿ

ಪೆವಿಲಿಯನ್ ಮುಂದೆ ನಿಂತು ಮೈದಾನ ನೋಡಿ. ಎಡಗಡೆ ಎತ್ತರ, ಬಲಗಡೆ ತಗ್ಗು. ವ್ಯತ್ಯಾಸ ಸುಮಾರು ಎರಡೂವರೆ ಮೀಟರ್. ಗುಡ್ಡದ ಬುಡದಲ್ಲಿ ಅಡಿಕೆ ತೋಟ ಮಾಡಿದವರಿಗೆ ಯಾರೂ ತೋರಿಸಬೇಕಿಲ್ಲ, ನೀರು ಎತ್ತ ಹರಿಯುತ್ತದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪೆವಿಲಿಯನ್ ಕಡೆಯಿಂದ ಎಸೆದ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ನುಗ್ಗುವುದು ಈ ಇಳಿಜಾರಿನಿಂದಲೇ. ಹುಲ್ಲಿನ ಮೇಲೆ ಮಾತ್ರ ಕಾಲಿಡಬೇಡಿ.

ಕೊನೆಗೆ ಅಂಗಡಿ. ಅಲ್ಲಿ ಪೌಂಡನ್ನು ರೂಪಾಯಿಗೆ ಗುಣಿಸುತ್ತಾ ನಿಂತರೆ ಏನೂ ಕೊಳ್ಳಲಾಗುವುದಿಲ್ಲ. ನಾನು ಒಂದು ಕೀಚೈನ್ ತಂದೆ, ಸ್ಕೂಟರ್ ಕೀಗೆ ಹಾಕಿದ್ದೇನೆ. ಗಾಂಧಿ ಬಜಾರಿನಲ್ಲಿ ಕೇಳಿದವರಿಗೆಲ್ಲ ಮೊದಲು ವಿಶ್ವನಾಥ್ ಕಥೆ ಹೇಳುತ್ತೇನೆ, ಆಮೇಲೆ ಗುಬ್ಬಚ್ಚಿಯದು.