ಗೇಮ್ ಮಾಡುವಾಗ ಆಡುವವರ ಬೆರಳನ್ನೂ ನೆನಪಿಡಿ

ಬೆಳಗಾವಿಯಲ್ಲಿ ಮೊಬೈಲ್ ಗೇಮ್ ಮಾಡುತ್ತಿರುವವರಿಗೆ, ಆಡುವವನ ಕಡೆಯಿಂದ ಇಷ್ಟು. ಟ್ಯುಟೋರಿಯಲ್ ಅಂತ ಪುಟಗಟ್ಟಲೆ ಓದಿಸಬೇಡಿ, ಯಾರೂ ಓದಲ್ಲ. ಹಾರಿ ದಾಟುವ ಗೇಮ್ ಆದರೆ ಮೊದಲ ಹಳ್ಳ ಚಿಕ್ಕದಿರಲಿ, ಬಿದ್ದರೂ ಅಲ್ಲೇ ಎದ್ದು ಮತ್ತೆ ಹಾರುವಂತಿರಲಿ, ಜಿಗಿಯುವುದು ಹೇಗೆ ಅಂತ ಕೈಗೆ ತಾನೇ ಗೊತ್ತಾಗುತ್ತದೆ. ಬಟನ್ ಸಣ್ಣದಿದ್ದರೆ ಹೆಬ್ಬೆರಳು ಪಕ್ಕದ್ದನ್ನು ಒತ್ತುತ್ತದೆ. ಆಂಡ್ರಾಯ್ಡ್‌ನಲ್ಲಿ ಕನಿಷ್ಠ 48 ಡಿಪಿ (ಯಾವ ಫೋನಿನಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವಂತೆ ಮಾಡುವ ಪರದೆಯ ಅಳತೆ) ಇಡಿ ಅಂತ ಗೂಗಲ್ಲೇ ಹೇಳುತ್ತದೆ. ಬರೀ ಬಣ್ಣ ನಂಬಬೇಡಿ. ಕೆಂಪು, ಹಸಿರು ಬೇರೆಯಾಗಿ ಕಾಣದವರೂ ಆಡುತ್ತಾರೆ ಅಲ್ವಾ, ಆಕಾರವನ್ನೂ ಬದಲಿಸಿ. ಕಾಲ್ ಬಂದರೆ ಗೇಮ್ ತಾನೇ ನಿಂತು ಸೇವ್ ಆಗಬೇಕು. ಕನ್ನಡ ಹಾಕಿದರೆ ಒತ್ತಕ್ಷರ ಕತ್ತರಿಸಿಹೋಗದಂತೆ ಸಾಲುಗಳ ನಡುವೆ ಜಾಗ ಜಾಸ್ತಿ ಕೊಡಿ. ಆಮೇಲೆ ಟಿಳಕವಾಡಿಯ ಯಾವುದಾದರೂ ಚಹಾ ಅಂಗಡಿಯಲ್ಲಿ ಗೆಳೆಯರ ಕೈಗೆ ಫೋನ್ ಕೊಟ್ಟು ಸುಮ್ನೆ ನೋಡಿ. ಎಲ್ಲಿ ತಡವರಿಸುತ್ತಾರೋ ಬರೆದುಕೊಳ್ಳಿ, ಹೇಳಿಕೊಡಲು ಮಾತ್ರ ಹೋಗಬೇಡಿ.