ಎರಡು ಚೈಲ್ಡ್ ಸೀಟು, ಒಂದು ಶಿರಾಡಿ ಘಾಟಿ: ನಾವು ಕಾರು ಆರಿಸಿದ ಬಗೆ

ನಮ್ಮ ಮನೆಯಲ್ಲಿ ಕಾರು ಓಡಿಸುವ ಹುಚ್ಚು ಇರುವುದು ನನಗೆ. ನನ್ನ ಗಂಡನಿಗೆ ಪಕ್ಕದಲ್ಲಿ ಕೂತು ಹಾಡು ಹಾಕಿದರೆ ಸಾಕು. ಇರುವುದು ಬೆಂಗಳೂರಿನಲ್ಲಿ, ನನ್ನ ತವರು ಪುತ್ತೂರು. ಮಗನಿಗೆ ಐದು ವರ್ಷ. ಕಾರು ಹುಡುಕುವಾಗ ಮಗಳಿಗೆ ಇನ್ನೂ ಒಂದು ತುಂಬಿರಲಿಲ್ಲ.

ಹಳೆಯದು 2013ರ ಸ್ವಿಫ್ಟ್ ಡೀಸೆಲ್. ಓಡಿಸಲು ಒಳ್ಳೇ ಮಜಾ ಇತ್ತು. ಆದರೆ ಡಿಕ್ಕಿ ಬರೀ 204 ಲೀಟರ್. ಮಗಳ ಸ್ಟ್ರೋಲರ್ ಇಟ್ಟರೆ ಮುಗಿಯಿತು, ಬಟ್ಟೆ ಬ್ಯಾಗು ಕಾಲ ಬುಡಕ್ಕೆ ಬರುತ್ತಿತ್ತು. ಚೈಲ್ಡ್ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಯೂ ಇರಲಿಲ್ಲ. ಎರಡನೇ ಮಗು ಬಂದ ಮೇಲೆ ಬದಲಾಯಿಸದೆ ಬೇರೆ ದಾರಿ ಇರಲಿಲ್ಲ.

'ಮಕ್ಕಳಾದ ಮೇಲೆ ಇನ್ನೇನು ಸ್ಪೋರ್ಟಿ, ಸುಮ್ನೆ ಒಂದು ದೊಡ್ಡ ಎಸ್‌ಯುವಿ ತಗೊಳ್ಳಿ' ಅಂತ ಎಲ್ಲರೂ ಹೇಳಿದರು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಸ್ಪೋರ್ಟಿ ಅಂದರೆ ನೂರೈವತ್ತರಲ್ಲಿ ಹೋಗುವುದಲ್ಲ. ಶಿರಾಡಿ ಘಾಟಿಯಲ್ಲಿ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮುಂದೆ ದಾರಿ ತೆರವಾದಾಗ ಕಾಲಿಟ್ಟ ಕೂಡಲೇ ಕಾರು ಎಳೆಯಬೇಕು. ಎದುರಿನ ಲೇನಿನಲ್ಲಿ ಎಷ್ಟು ಕಡಿಮೆ ಹೊತ್ತು ಇರುತ್ತೇವೋ ಅಷ್ಟು ಒಳ್ಳೆಯದು. ಅದಕ್ಕೆ ಬೇಕಾಗಿರುವುದು ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಗುವ ಟಾರ್ಕ್, ಎಳೆಯುವ ಬಲ. ಕಾಗದದ ಮೇಲಿನ ಹಾರ್ಸ್‌ಪವರ್ ಅಲ್ಲ.

ಇನ್ನೊಂದು, ತಿರುವಿನಲ್ಲಿ ವಾಲಬಾರದು. ಇದು ನನ್ನ ಖುಷಿಗೆ ಮಾತ್ರ ಅಂದುಕೊಂಡವರು ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಿಲ್ಲ. ಗೆಳತಿಯ ದೊಡ್ಡ ಎಸ್‌ಯುವಿಯಲ್ಲಿ ಸಕಲೇಶಪುರದ ಕಡೆ ಹೋದಾಗ ಮಗ ಮಾರನಹಳ್ಳಿ ತಲುಪುವುದರೊಳಗೆ ವಾಂತಿ ಮಾಡಿಕೊಂಡ. ಅದೇ ದಾರಿಯಲ್ಲಿ ನಮ್ಮ ಹಳೇ ಸ್ವಿಫ್ಟ್‌ನಲ್ಲಿ ಅವನು ಹಾಯಾಗಿ ಇರುತ್ತಿದ್ದ. ಎತ್ತರದ ಗಾಡಿ ತಿರುವಿನಲ್ಲಿ ಒಂದು ಕಡೆ ಮಲಗಿ, ಮತ್ತೆ ಇನ್ನೊಂದು ಕಡೆ ಮಲಗುತ್ತದೆ. ಕಣ್ಣಿಗೆ ಮುಂದಿನ ಸೀಟಿನ ಬೆನ್ನು ಬಿಟ್ಟು ಏನೂ ಕಾಣದ ಮಗುವಿನ ಒಳಕಿವಿಗೆ ಮಾತ್ರ ಈ ಓಲಾಟ ಗೊತ್ತಾಗುತ್ತದೆ. ಕಣ್ಣು ಹೇಳುವುದೊಂದು, ಕಿವಿ ಹೇಳುವುದೊಂದು. ಅಲ್ಲಿಂದ ಹೊಟ್ಟೆ ತೊಳೆಸಲು ಶುರು. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಷ್ಟಾಗಿ ಕಾಡುವುದಿಲ್ಲ, ನನ್ನ ಮಗನ ವಯಸ್ಸಿನವರಿಗೆ ಚೆನ್ನಾಗಿಯೇ ಕಾಡುತ್ತದೆ. ಹಾಗಾಗಿ ಕೆಳಗೆ ಕೂತ, ಬಿಗಿಯಾದ ಸಸ್ಪೆನ್ಷನ್ ಇರುವ ಕಾರು ಬೇಕು ಅನ್ನುವುದು ನಮ್ಮ ಮನೆಯಲ್ಲಿ ಮಗನ ಬೇಡಿಕೆಯೂ ಹೌದು.

ಪಟ್ಟಿಯಲ್ಲಿ ಉಳಿದದ್ದು ನಾಲ್ಕು. ಹ್ಯಾಚ್‌ಬ್ಯಾಕ್ ಆದ ಹುಂಡೈ ಐ20 ಎನ್ ಲೈನ್, ಸೆಡಾನ್ ಆದ ಹುಂಡೈ ವೆರ್ನಾ ಟರ್ಬೊ, ಚಿಕ್ಕ ಎಸ್‌ಯುವಿ ಸ್ಕೋಡಾ ಕುಶಾಕ್, ಇನ್ನೊಂದು ಸೆಡಾನ್ ಸ್ಕೋಡಾ ಸ್ಲಾವಿಯಾ. ಫೋಕ್ಸ್‌ವ್ಯಾಗನ್ ಟೈಗುನ್ ಮತ್ತು ವರ್ಟಸ್ ಕೊನೆಯ ಎರಡರ ಅಣ್ಣ ತಮ್ಮಂದಿರೇ. ಅದೇ ಪ್ಲಾಟ್‌ಫಾರ್ಮ್, ಅವೇ ಎಂಜಿನ್‌ಗಳು. ಹಾಗಾಗಿ ಅವನ್ನು ಬೇರೆಯಾಗಿ ಲೆಕ್ಕ ಹಾಕಲಿಲ್ಲ. ಸರ್ವಿಸ್ ಸೆಂಟರ್ ಮನೆಗೆ ಯಾವುದು ಹತ್ತಿರ ಅನ್ನುವುದರ ಮೇಲೆ ಸ್ಕೋಡಾ ಕಡೆ ವಾಲಿದೆವು ಅಷ್ಟೇ.

ಶೋರೂಮಿಗೆ ನಾವು ಬರಿಗೈಯಲ್ಲಿ ಹೋಗಲಿಲ್ಲ. ಎರಡೂ ಚೈಲ್ಡ್ ಸೀಟು, ಸ್ಟ್ರೋಲರ್, ಊರಿಗೆ ಹೋಗುವಾಗಿನ ದೊಡ್ಡ ಸೂಟ್‌ಕೇಸ್, ಎಲ್ಲ ಹೊತ್ತುಕೊಂಡು ಹೋದೆವು. ಮೊದಲ ಕಡೆ ಸೇಲ್ಸ್ ಹುಡುಗ ಗಾಬರಿಯಾದ. ಆಮೇಲೆ ನನ್ನ ಗಂಡನ ಕಡೆ ತಿರುಗಿ, 'ಸರ್, ಸನ್‌ರೂಫ್ ನೋಡಿ' ಅಂದ. 'ಓಡಿಸೋದು ಇವಳು, ಇವಳಿಗೇ ಹೇಳಿ' ಅಂದರು ಇವರು. ಅವನು ನನ್ನ ಕಡೆ ತಿರುಗಿ, 'ಮೇಡಂ, ಕಲರ್ ಯಾವುದು ಬೇಕು' ಅಂದ. ಇರಲಿ ಬಿಡಿ.

ಚೈಲ್ಡ್ ಸೀಟು ಹಾಕಿ ನೋಡುವುದರಷ್ಟು ಸತ್ಯ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಐಸೋಫಿಕ್ಸ್ ಅಂದರೆ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಜಾಗ ಸೇರುವ ಸಂದಿಯಲ್ಲಿ, ಕಾರಿನ ಬಾಡಿಗೇ ಭದ್ರ ಮಾಡಿದ ಎರಡು ಕಬ್ಬಿಣದ ಕೊಂಡಿಗಳು. ಚೈಲ್ಡ್ ಸೀಟಿನ ಕೈಗಳು ಅದಕ್ಕೆ ಟಕ್ ಅಂತ ಕಚ್ಚಿಕೊಳ್ಳಬೇಕು. ಬ್ರೋಷರಿನಲ್ಲಿ ಎಲ್ಲ ಕಾರಿಗೂ 'ಇದೆ' ಅಂತಲೇ ಬರೆದಿರುತ್ತದೆ. ಆದರೆ ಕೆಲವು ಕಡೆ ಕೊಂಡಿ ಕುಶನ್ ಒಳಗೆ ಎಷ್ಟು ಆಳದಲ್ಲಿ ಇರುತ್ತದೆ ಅಂದರೆ ಬೆರಳು ತೂರಿಸಿ ತಡಕಾಡಬೇಕು. ವಾರಕ್ಕೊಮ್ಮೆ ಸೀಟು ತೆಗೆದು ಹಾಕುವವರಿಗೆ ಅದು ಕೈ ತರಚುವ ಕೆಲಸ. ಮೇಲಿನ ಪಟ್ಟಿ ಸಿಕ್ಕಿಸುವ ಟಾಪ್ ಟೆದರ್ ಕೊಂಡಿ ಎಲ್ಲಿದೆ ಅಂತಲೂ ನೋಡಬೇಕು.

ಮಗಳದು ಹಿಂದಕ್ಕೆ ಮುಖ ಮಾಡಿ ಕೂರುವ ಸೀಟು. ಚೈಲ್ಡ್ ಸೀಟಿಗೆ ಇರುವ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹಾಗೆಯೇ ಕೂರಿಸಬೇಕು. ಅದು ತಿನ್ನುವ ಜಾಗ ನೋಡಿದರೆ ಯಾರಿಗಾದರೂ ಆಶ್ಚರ್ಯ ಆಗುತ್ತದೆ. ಐ20ಯಲ್ಲಿ ಅದನ್ನು ಎಡಗಡೆ ಹಾಕಿದಾಗ ನನ್ನ ಗಂಡನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಇವರು ಆರಡಿ ಹತ್ತಿರ ಇದ್ದಾರೆ. ನಾನು ಗಿಡ್ಡ. ಹಾಗಾಗಿ ಆ ಸೀಟನ್ನು ಡ್ರೈವರ್ ಹಿಂದೆ ಹಾಕಿದರೆ ಎಲ್ಲ ಕಾರಿನಲ್ಲೂ ಜಾಗ ಸಿಕ್ಕಿತು. ಮಗುವನ್ನು ಫುಟ್‌ಪಾತ್ ಕಡೆಯಿಂದ ಹತ್ತಿಸುವುದು ಸುಲಭ ಅನ್ನುವುದು ನಿಜ, ಆದರೆ ನಮ್ಮ ಮನೆಗೆ ಈ ಏರ್ಪಾಡೇ ಸರಿ ಹೋಯಿತು. ಅಂದ ಹಾಗೆ, ಕಾನೂನಿನಲ್ಲೂ ಇದು ಇದೆ. ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗು ಬೆಲ್ಟ್ ಇಲ್ಲವೇ ಚೈಲ್ಡ್ ಸೀಟು ಇಲ್ಲದೆ ಕೂತಿದ್ದರೆ 1000 ರೂಪಾಯಿ ದಂಡ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದೆ ಕೂರುವವರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಎರಡು ಚೈಲ್ಡ್ ಸೀಟಿನ ನಡುವೆ ದೊಡ್ಡವರು ಕೂರಬಹುದಾ? ನಮ್ಮ ಬಜೆಟ್ಟಿನ ಯಾವ ಕಾರಿನಲ್ಲೂ ಆರಾಮಾಗಿ ಆಗುವುದಿಲ್ಲ. ಸ್ಲಾವಿಯಾದ ಅಗಲ ಹೊರಗಿನಿಂದ ಅಳೆದರೆ 1752 ಮಿಲಿಮೀಟರ್. ನಡುವೆ ಕಾಲಿಡುವ ಕಡೆ ಉಬ್ಬು ಬೇರೆ. ಕೊನೆಗೆ ಮಗನ ಅಗಲದ ಸೀಟು ತೆಗೆದು, ಬೆನ್ನಿರುವ ಕಿರಿದಾದ ಬೂಸ್ಟರ್ ತಂದೆವು. ಈಗ ಮುಂದಿನ ಸೀಟಿಗೆ ಬೇರೆ ಯಾರಾದರೂ ಬಂದರೆ ನನ್ನ ಗಂಡ ಒಂದು ಭುಜ ಮುಂದೆ ಮಾಡಿ ನಡುವೆ ಕೂರುತ್ತಾರೆ. ಹಾಸನದವರೆಗೆ ಸಹಿಸಬಹುದು, ಆಮೇಲೆ ಕಾಫಿಗೆ ನಿಲ್ಲಿಸಲೇಬೇಕು.

ಡಿಕ್ಕಿಯ ವಿಷಯ ಕೇಳಿ. ಐ20ಗೆ 311 ಲೀಟರ್, ಕುಶಾಕ್‌ಗೆ 385, ಸ್ಲಾವಿಯಾಗೆ 521, ವೆರ್ನಾಗೆ 528. ಆದರೆ ಲೀಟರ್ ಲೆಕ್ಕ ಅರ್ಧ ಮಾತ್ರ ಹೇಳುತ್ತದೆ. ಸೆಡಾನಿನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ನಮ್ಮ ಸ್ಟ್ರೋಲರ್ ಓರೆ ಮಾಡಿ ತೂರಿಸಿದರೆ ಮಾತ್ರ ಒಳಗೆ ಹೋಯಿತು. ಕುಶಾಕ್‌ನಲ್ಲಿ ನಿಲ್ಲಿಸಿಯೇ ಇಡಬಹುದಿತ್ತು. ಅಷ್ಟಾದರೂ ಸೆಡಾನ್ ಪರವಾಗಿ ಎರಡು ಕಾರಣ ಇದ್ದವು. ಒಂದು, ಗಟ್ಟಿ ಬ್ರೇಕ್ ಹಾಕಿದಾಗ ಸಾಮಾನು ಹಾರಿ ಬಂದು ಮಕ್ಕಳ ತಲೆಗೆ ಬಡಿಯುವುದಿಲ್ಲ, ನಡುವೆ ಸೀಟಿನ ಬೆನ್ನಿದೆ. ಇನ್ನೊಂದು, ಪುತ್ತೂರಿನಿಂದ ಬರುವಾಗ ಡಿಕ್ಕಿಯಲ್ಲಿ ಹಲಸಿನ ಹಣ್ಣು ಇದ್ದೇ ಇರುತ್ತದೆ. ಆ ಪರಿಮಳ ಒಳಗೆ ಎಂಟು ತಾಸು ಸುತ್ತುವುದಕ್ಕಿಂತ ಹಿಂದೆಯೇ ಇರುವುದು ಒಳ್ಳೆಯದು, ಅಲ್ವಾ.

ಸುರಕ್ಷತೆಯ ಅಂಕಗಳನ್ನೂ ನೋಡಿದೆವು. ಕಾರನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕುಶಾಕ್ 2022ರಲ್ಲಿ, ಸ್ಲಾವಿಯಾ ಮತ್ತು ವೆರ್ನಾ 2023ರಲ್ಲಿ ಐದು ಸ್ಟಾರ್ ಪಡೆದಿವೆ. ಮಕ್ಕಳ ರಕ್ಷಣೆಯಲ್ಲಿ ಮೂರಕ್ಕೂ 49ಕ್ಕೆ 42 ಅಂಕ. ಸ್ಟಾರ್ ಮಾತ್ರ ನೋಡಿ ಬಿಟ್ಟರೆ ಒಂದು ವಿಷಯ ತಪ್ಪಿಹೋಗುತ್ತದೆ: ಸ್ಲಾವಿಯಾದ ಬಾಡಿ ಗಟ್ಟಿಯಾಗಿ ನಿಂತಿತು ಅಂತಲೂ, ವೆರ್ನಾದ್ದು ಹಾಗೆ ನಿಲ್ಲಲಿಲ್ಲ ಅಂತಲೂ ಅದೇ ವರದಿಗಳು ಹೇಳುತ್ತವೆ.

ಓಡಿಸಿದಾಗ ನನಗೆ ತುಂಬಾ ನಗು ತರಿಸಿದ್ದು ವೆರ್ನಾ ಟರ್ಬೊ. 160 ಪಿಎಸ್, 253 ನ್ಯೂಟನ್ ಮೀಟರ್. ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟುತ್ತದೆ. ನಮಗೆ ಬೇಕಾದ ಆಟೋಮ್ಯಾಟಿಕ್ ಮಾದರಿಯಲ್ಲಿ ಬಜೆಟ್ ಮೀರಿತು, ಬಾಡಿಯ ವಿಷಯವೂ ತಲೆಯಲ್ಲಿತ್ತು, ಬಿಟ್ಟೆವು. ಸ್ಲಾವಿಯಾದಲ್ಲಿ ಎರಡು ಎಂಜಿನ್. 1.5 ಲೀಟರಿನದ್ದು 150 ಪಿಎಸ್, 250 ನ್ಯೂಟನ್ ಮೀಟರ್. 1.0 ಲೀಟರಿನ ಮೂರು ಸಿಲಿಂಡರಿನದ್ದು 115 ಪಿಎಸ್, 178 ನ್ಯೂಟನ್ ಮೀಟರ್. ಆ 178 ನಿಮಗೆ 1750 ಆರ್‌ಪಿಎಂಗೇ ಸಿಗುತ್ತದೆ, ಘಾಟಿಗೆ ಬೇಕಾದದ್ದು ಅದೇ. 1.5 ಜೊತೆ ಬರುವ ಆಟೋಮ್ಯಾಟಿಕ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಅದೂ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನದ್ದು. ಗೇರ್ ಬದಲಾಗುವುದೇ ಗೊತ್ತಾಗುವುದಿಲ್ಲ, ಅಷ್ಟು ಚುರುಕು. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಾ ತೆವಳುವ ಕಾರಿಗೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆರು ಗೇರಿನ ಹಳೇ ಮಾದರಿಯೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಾವು ನೋಡಿದಾಗ 1.0 ಜೊತೆ ಬರುತ್ತಿದ್ದದ್ದು ಅದೇ. ಮ್ಯಾನುಯಲ್ ಗೇರು ನನಗೆ ಪ್ರಾಣ. ಆದರೂ ಹಿಂದೆ ಮಗು ಅಳುತ್ತಿರುವಾಗ ಎಡಗಾಲಿಗೆ ಕೆಲಸ ಇಲ್ಲದಿರುವುದೇ ವಾಸಿ.

ಶೋರೂಮಿನ ಟೆಸ್ಟ್ ಡ್ರೈವ್ ನುಣುಪಾದ ರಸ್ತೆಯಲ್ಲಿ ಒಂದು ಸುತ್ತು. ಅದರಿಂದ ಏನೂ ಗೊತ್ತಾಗುವುದಿಲ್ಲ. ಸೆಲ್ಫ್ ಡ್ರೈವ್ ಬಾಡಿಗೆಗೆ ಅದೇ ಸ್ಲಾವಿಯಾ ತೆಗೆದುಕೊಂಡು ವಾರಾಂತ್ಯಕ್ಕೆ ಊರಿಗೇ ಹೋದೆವು. ಬಾಡಿಗೆ ದುಡ್ಡು ದಂಡ ಅಂತ ಇವರು ಮೊದಲು ಗೊಣಗಿದರು. ಲಕ್ಷಗಟ್ಟಲೆ ಕೊಡುವ ಮುಂಚೆ ಕೆಲವು ಸಾವಿರ ಕೊಡುವುದರಲ್ಲಿ ತಪ್ಪೇನಿಲ್ಲ ಅಂತ ನಾನಂದೆ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಶಿರಾಡಿ ಇಳಿದು ಗುಂಡ್ಯ ಸೇರುವಾಗ ಮಗ ನಿದ್ದೆ ಮಾಡುತ್ತಿದ್ದ. ನನಗೆ ಅಲ್ಲೇ ಅರ್ಧ ತೀರ್ಮಾನ ಆಗಿತ್ತು.

ಉಳಿದ ಅರ್ಧ ಅಮ್ಮನ ಮಂಡಿಯ ಕೈಯಲ್ಲಿತ್ತು. ಪುತ್ತೂರಿನ ಮನೆ ಅಂಗಳದಲ್ಲಿ ಅಮ್ಮನನ್ನು ಕೂರಿಸಿ ನೋಡಿದೆ. 'ಕೂತುಕೊಳ್ಳಲಿಕ್ಕೆ ಸುಲಭ ಉಂಟು ಮಾರಾಯ್ತಿ, ಏಳಲಿಕ್ಕೆ ಯಾರಾದ್ರೂ ಕೈ ಕೊಡಬೇಕು' ಅಂದಳು. ಸೆಡಾನಿನ ದೊಡ್ಡ ತೊಂದರೆ ಇದೇ. ಕುಶಾಕ್ ಆಗಿದ್ದರೆ ಪಕ್ಕಕ್ಕೆ ಸರಿದು ಕೂತರಾಯಿತು. ಈ ಒಂದು ಕಾರಣಕ್ಕೆ ಕುಶಾಕ್ ಕೊನೆಯವರೆಗೂ ಪಟ್ಟಿಯಲ್ಲಿತ್ತು. ಮನೆಯಲ್ಲಿ ದಿನಾ ಓಡಾಡುವ ಹಿರಿಯರಿದ್ದರೆ ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ, ಎರಡು ಮಾತಿಲ್ಲ. ಅಮ್ಮ ಬೆಂಗಳೂರಿಗೆ ಬರುವುದು ಅಪರೂಪ. ಬಂದರೂ ಕಬಕ ಪುತ್ತೂರಿನಲ್ಲಿ ರೈಲು ಹತ್ತಿ ಬರುತ್ತಾಳೆ. ಆಮೇಲೆ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಮೊದಲು ಅಡ್ಡಕ್ಕೆ ಕೂತು, ಆಮೇಲೆ ಎರಡೂ ಕಾಲು ಒಳಗೆ ತಂದರೆ ನೋವು ಕಡಿಮೆ ಅಂತ ಗೊತ್ತಾಯಿತು. ಮಗಳ ಸೀಟು ಡ್ರೈವರ್ ಹಿಂದೆ ಇರುವುದರಿಂದ ಎಡಗಡೆ ಸೀಟು ಹಿಂದಕ್ಕೆ ಹೋಗಲು ಜಾಗ ಇದೆ.

ಹೀಗೆ 1.0 ಲೀಟರಿನ ಆಟೋಮ್ಯಾಟಿಕ್ ಸ್ಲಾವಿಯಾವೇ ಅಂತ ತೀರ್ಮಾನವಾಯಿತು. ದುಡ್ಡಿನ ಲೆಕ್ಕದಲ್ಲಿ ಸ್ವಲ್ಪ ತಲೆ ಕೆಡಿಸಿಕೊಂಡೆವು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತಲ್ಲ, ನಾಲ್ಕು ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ತೆರಿಗೆ 29ರಿಂದ 18 ಪರ್ಸೆಂಟಿಗೆ ಇಳಿಯಿತು. ಸ್ಲಾವಿಯಾ ಗಾತ್ರದ್ದಕ್ಕೆ ಸೆಸ್ ಸೇರಿ 45 ಇದ್ದದ್ದು 40 ಆಯಿತು. ಅಂದರೆ ಐ20 ಮತ್ತು ಸ್ಲಾವಿಯಾ ನಡುವಿನ ಅಂತರ ಇನ್ನೂ ಜಾಸ್ತಿ ಆಯಿತು. ಅದರ ಮೇಲೆ ನಮ್ಮ ಕರ್ನಾಟಕದ ಲೈಫ್ ಟ್ಯಾಕ್ಸ್. 10 ಲಕ್ಷದಿಂದ 20 ಲಕ್ಷದೊಳಗಿನ ಕಾರಿಗೆ 17 ಪರ್ಸೆಂಟ್, ಆ ತೆರಿಗೆಯ ಮೇಲೆ ಮತ್ತೆ ಸೆಸ್. ಎಕ್ಸ್ ಶೋರೂಮ್ ಬೆಲೆ ನೋಡಿ ಖುಷಿಪಟ್ಟವರು ಆನ್ ರೋಡ್ ಬೆಲೆ ನೋಡಿ ಸುಸ್ತಾಗುವುದು ಇದಕ್ಕೇ. ಚಿಕ್ಕ ಎಂಜಿನ್ ಆರಿಸಿದ್ದರಿಂದ ಉಳಿದ ದುಡ್ಡು ಮಗನ ಬೂಸ್ಟರಿಗೆ ಹೋಯಿತು. ಸನ್‌ರೂಫ್ ಇರುವ ಮೇಲಿನ ಮಾದರಿ ಬೇಕೇ ಬೇಕು ಅಂತ ನಾವೇನೂ ಹಟ ಮಾಡಲಿಲ್ಲ. ಮಕ್ಕಳನ್ನು ಅದರಿಂದ ಹೊರಗೆ ನಿಲ್ಲಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಚಕ್ರದ ಬಗ್ಗೆ ಒಂದು ಮಾತು. ಎಷ್ಟೋ ಜನ ಕಾರು ಕೊಂಡ ತಕ್ಷಣ ದೊಡ್ಡ ಅಲಾಯ್ ಹಾಕಿಸುತ್ತಾರೆ. ನಮ್ಮದರಲ್ಲಿರುವುದು 205/55 ಆರ್16. ಅಂದರೆ ಟೈರಿನ ಗೋಡೆಯ ಎತ್ತರ 205 ಮಿಲಿಮೀಟರ್ ಅಗಲದ 55 ಪರ್ಸೆಂಟ್, ಸುಮಾರು 113 ಮಿಲಿಮೀಟರ್. ಹೊಂಡಕ್ಕೆ ಬಿದ್ದಾಗ ಆ ರಬ್ಬರೇ ಮೊದಲ ಪೆಟ್ಟು ತಿನ್ನುವುದು. ಅದನ್ನು ತೆಳು ಮಾಡಿದರೆ ನೋಡಲು ಚೆಂದ, ಮಲಗಿದ ಮಗು ಮಾತ್ರ ಪ್ರತಿ ಹೊಂಡಕ್ಕೂ ಏಳುತ್ತದೆ.

ಮೈಲೇಜ್ ಕೇಳುವವರಿಗೆ: ಬೆಂಗಳೂರಿನೊಳಗೆ 10ರಿಂದ 11, ಹೈವೇಯಲ್ಲಿ ಹದವಾಗಿ ಹೋದರೆ 17ರ ಹತ್ತಿರ. ಟರ್ಬೊ ಪೆಟ್ರೋಲ್ ಕಾರು ಕಾಲಿನ ಭಾರ ನೋಡಿ ಪೆಟ್ರೋಲ್ ಕುಡಿಯುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಇದ್ದಾಗ 179 ಮಿಲಿಮೀಟರ್. ಸೆಡಾನಿಗೆ ಇದು ಜಾಸ್ತಿಯೇ, ಆದರೆ ಎಲ್ಲರೂ ಕೂತು ಡಿಕ್ಕಿ ತುಂಬಿದಾಗ ಅಷ್ಟು ಉಳಿಯುವುದಿಲ್ಲ. ಊರಿಗೆ ಹೊರಡುವ ಹಿಂದಿನ ಸಂಜೆ, ಕಾರಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಎಷ್ಟು ಅಂತ ಬರೆದಿದೆಯೋ ಅಷ್ಟು ಗಾಳಿ ಹಾಕಿಸುತ್ತೇನೆ. ಸಕಲೇಶಪುರದಿಂದ ಆಚೆ ಹಳ್ಳಿಗಳ ಹತ್ತಿರ ಬಣ್ಣ ಬಳಿಯದ ಹಂಪ್ಸ್ ಬಂದರೆ ಪೂರ್ತಿ ನಿಧಾನ ಮಾಡಿ, ಒಂದೊಂದೇ ಚಕ್ರ ಹತ್ತುವ ಹಾಗೆ ಓರೆಯಾಗಿ ದಾಟಿಸುತ್ತೇನೆ.